ಅರ್ಧ ಓದಿದ ಮಾಂತ್ರಿಕ ಕೊಲೆ ರಹಸ್ಯ: ಕೊಂದವರು ಯಾರೆಂದು ಊಹಿಸುವುದು ಹೇಗೆ?

ಪ್ರಶ್ನೆ: ಒಂದು ಫ್ಯಾಂಟಸಿ ಪತ್ತೇದಾರಿ ಕಾದಂಬರಿ ಓದುತ್ತಿದ್ದೇನೆ. ಒಟ್ಟು 416 ಪುಟ, ಈಗ 209ಕ್ಕೆ ಬಂದಿದ್ದೇನೆ. ಬೆಟ್ಟದ ಮೇಲೊಂದು ಮಾಂತ್ರಿಕರ ಮಠ. ಹಿರಿಯ ಗುರು ಬೆಳಿಗ್ಗೆ ಆರರ ಹೊತ್ತಿಗೆ ತನ್ನ ಕೋಣೆಯಲ್ಲಿ ಶವವಾಗಿ ಸಿಗುತ್ತಾನೆ. ಕತ್ತಿನ ಹಿಂದೆ ಸೂಜಿ ಚುಚ್ಚಿದ ಗುರುತು. ಬಾಗಿಲಿಗೆ ಮಂತ್ರದ ಮುದ್ರೆ ಬಿದ್ದಿತ್ತು. ಕಿರಿಯ ಶಿಷ್ಯ ಮತ್ತು ಮಠದ ವೈದ್ಯೆ ಅಜ್ಜಿ ಅದನ್ನು ಒಡೆದು ಒಳಗೆ ಹೋದರು. ಮುದ್ರೆ ಹಾಕಿದವರು ಸತ್ತರೆ ಅದು ತಾನಾಗಿಯೇ ಕರಗುತ್ತದೆ ಎಂದು 38ನೇ ಪುಟದಲ್ಲಿದೆ. ಮಂತ್ರ ಪ್ರಯೋಗಿಸಿದವರ ಬೆರಳ ತುದಿ ಆಮೇಲೆ ಒಂದು ಜಾವ ಮರಗಟ್ಟಿರುತ್ತದೆ ಎಂದು 61ರಲ್ಲಿದೆ. ಶಂಕಿತರು ಐವರು: ವೈದ್ಯೆ, ಖಜಾಂಚಿ, ಗುರುವಿನ ತಮ್ಮ, ಕಿರಿಯ ಶಿಷ್ಯ, ಮಂತ್ರ ಬಾರದ ರಾಜದೂತೆ. ನನಗೆ ವೈದ್ಯೆಯ ಮೇಲೇ ಅನುಮಾನ, ಏಕೆಂದರೆ ಆಕೆ ಅತಿಯಾಗಿ ಒಳ್ಳೆಯವಳು. ಗುರುವಿನ ಕಣ್ಣು ಮುಚ್ಚಿ, ಕೈ ಎದೆಯ ಮೇಲೆ ಮಡಿಸಿಟ್ಟು, ಮಣಿಸರದ ಸಣ್ಣ ಗಂಟನ್ನು ನಿಧಾನಕ್ಕೆ ಬಿಡಿಸಿ ಪಕ್ಕದಲ್ಲಿಡುತ್ತಾಳೆ. ಇಷ್ಟು ಮೃದು ಸ್ವಭಾವದವರೇ ಕೊನೆಗೆ ಕೊಲೆಗಾರರಾಗುವುದಲ್ಲವೇ? ಆದರೆ ಸಾವು ಮಧ್ಯರಾತ್ರಿ ಆಗಿದೆ, ಆಗ ಆಕೆ ಜ್ವರ ಬಂದ ಮಗುವಿನ ಪಕ್ಕ ನಿದ್ರಾಮಂತ್ರ ಹಿಡಿದು ಬೆಳಗಿನವರೆಗೆ ಕೂತಿದ್ದಳಂತೆ. ಖಜಾಂಚಿ ಬೆಳಿಗ್ಗೆ ಲೆಕ್ಕ ಬರೆಯುವಾಗ ಲೇಖನಿ ಜಾರಿ ಬೀಳುತ್ತದೆ, ಅದೂ ಅನುಮಾನಾಸ್ಪದ. ಮಾಂತ್ರಿಕ ಲೋಕದಲ್ಲಿ ಲೇಖಕರು ಕೊನೆಗೆ ಯಾವ ಮಂತ್ರವನ್ನಾದರೂ ತರಬಹುದು, ಊಹಿಸುವುದೇ ವ್ಯರ್ಥ ಎನ್ನುತ್ತಾಳೆ ಗೆಳತಿ. ಮುಂದೆ ಓದುವ ಮುಂಚೆ ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಊಹೆ ಸರಿಯಿರಬಹುದು, ಕಾರಣ ಮಾತ್ರ ಸರಿಯಿಲ್ಲ. ಸರಿಯಾದ ಕಾರಣ ನಿಮ್ಮ ಪತ್ರದಲ್ಲೇ ಇದೆ. ಅದನ್ನು ನೀವು ವೈದ್ಯೆಯ ಮೃದು ಸ್ವಭಾವಕ್ಕೆ ಉದಾಹರಣೆಯಾಗಿ ಬರೆದುಬಿಟ್ಟಿದ್ದೀರಿ. ಅಲ್ಲಿಗೆ ಹೋಗುವ ಮುಂಚೆ ಗೆಳತಿಯ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅವರ ಮಾತು ನಿಜವಾದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ಈ ಆಕ್ಷೇಪ ಹಳೆಯದು. ಇಂಗ್ಲೆಂಡಿನ ಪಾದ್ರಿ ಮತ್ತು ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದಾಗ, ಎರಡನೆಯ ಕಟ್ಟಳೆಯಲ್ಲೇ ಅಲೌಕಿಕ ಶಕ್ತಿಗಳನ್ನು ಹೊರಗಿಟ್ಟರು. ವಿಜ್ಞಾನ ಕಥೆಗಳ ಮೇಲೂ ಇದೇ ದೂರಿತ್ತು: ಪತ್ತೇದಾರ ಕೊನೆಯಲ್ಲಿ ಯಾವುದೋ ಯಂತ್ರ ತೆಗೆದು ಒಗಟು ಬಿಡಿಸಿಬಿಟ್ಟರೆ ಓದುಗ ಏನು ಮಾಡಬೇಕು? ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ 1953ರಲ್ಲಿ ಧಾರಾವಾಹಿಯಾಗಿಯೂ 1954ರಲ್ಲಿ ಪುಸ್ತಕವಾಗಿಯೂ ಬಂದ ಕಾದಂಬರಿಯಲ್ಲಿ ಅದಕ್ಕೆ ಉತ್ತರ ಕೊಟ್ಟರು. ರೋಬಾಟ್ ಮನುಷ್ಯನಿಗೆ ಹಾನಿ ಮಾಡಲಾರದು ಎಂಬ ನಿಯಮವನ್ನು ಮೊದಲೇ ಮೇಜಿನ ಮೇಲಿಟ್ಟು, ಕೊಲೆಯ ಒಗಟನ್ನು ಆ ನಿಯಮದ ಸುತ್ತಲೇ ಹೆಣೆದರು. 1964ರಿಂದ ರ‍್ಯಾಂಡಲ್ ಗ್ಯಾರೆಟ್ ಬರೆದ ಕಥೆಗಳಲ್ಲಿ ಮಾಂತ್ರಿಕನೊಬ್ಬ ಇಂದಿನ ವಿಧಿವಿಜ್ಞಾನ ತಜ್ಞನ ಕೆಲಸ ಮಾಡುತ್ತಾನೆ. ಅವನ ಮಂತ್ರಕ್ಕೂ ಕಟ್ಟುನಿಟ್ಟಾದ ನಿಯಮಗಳಿವೆ. ಫ್ಯಾಂಟಸಿ ಲೇಖಕ ಬ್ರ್ಯಾಂಡನ್ ಸ್ಯಾಂಡರ್ಸನ್ 2007ರಲ್ಲಿ ಇದನ್ನೇ ಒಂದು ಸೂತ್ರವಾಗಿ ಹೇಳಿದರು: ಓದುಗರಿಗೆ ಮಂತ್ರ ಎಷ್ಟು ಅರ್ಥವಾಗಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಲೇಖಕರು ಮಂತ್ರದಿಂದ ಸಮಸ್ಯೆ ಬಿಡಿಸಬಲ್ಲರು.

ಹಾಗಾಗಿ ಪುಸ್ತಕದಲ್ಲಿ ಮಂತ್ರ ಇದೆಯೇ ಎಂದು ಕೇಳಬೇಡಿ, ಮಂತ್ರಕ್ಕೆ ಮಿತಿ ಇದೆಯೇ ಎಂದು ಕೇಳಿ. ಪರೀಕ್ಷಿಸುವ ದಾರಿ ಸುಲಭ. ಕೊಲೆ ಬಯಲಾಗುವ ಮುಂಚಿನ ಪುಟಗಳಲ್ಲಿ ಮಂತ್ರದಿಂದ ಏನು ಆಗುವುದಿಲ್ಲ, ಅದಕ್ಕೆ ಏನು ಬೆಲೆ ತೆರಬೇಕು ಎಂದು ಹೇಳುವ ವಾಕ್ಯಗಳು ಎಷ್ಟಿವೆ ಎಂದು ಎಣಿಸಿ. ಎರಡು ಮೂರು ಸಿಕ್ಕರೆ, ಅವುಗಳಲ್ಲಿ ಒಂದಾದರೂ ಕೊಲೆಗೆ ಸಂಬಂಧವಿಲ್ಲದ ಸಣ್ಣ ಸಂದರ್ಭದಲ್ಲಿ ಯಾರದೋ ಕೈ ಕಟ್ಟಿಹಾಕಿದ್ದರೆ, ಪುಸ್ತಕ ನ್ಯಾಯವಾಗಿ ಆಡುತ್ತಿದೆ ಎಂದು ನಂಬಿ. ಪ್ರತಿ ತೊಡಕಿಗೂ ಹೊಸ ಮಂತ್ರ ಹುಟ್ಟುತ್ತಾ ಹೋದರೆ ಗೆಳತಿ ಹೇಳಿದ್ದೇ ಸರಿ. ಅಂಥ ಪುಸ್ತಕವನ್ನು ಕಥೆಗಾಗಿ ಓದಿ, ತರ್ಕ ಬೇಡ. ನೀವು ಹೇಳಿದ ಪುಸ್ತಕದಲ್ಲಿ 38 ಮತ್ತು 61ನೇ ಪುಟಗಳಲ್ಲೇ ಎರಡು ಮಿತಿಗಳಿವೆ, ಎರಡನ್ನೂ ಸ್ಪಷ್ಟವಾಗಿ ಹೇಳಲಾಗಿದೆ. ಇದು ಆಡಲು ಯೋಗ್ಯವಾದ ಆಟ.

ನಡುವಿನಲ್ಲಿ ನಿಂತದ್ದು ಒಳ್ಳೆಯದೇ ಆಯಿತು. ನೂರು ಪುಟಕ್ಕೇ ನಿಂತರೆ ಶಂಕಿತರೆಲ್ಲ ಇನ್ನೂ ರಂಗಕ್ಕೆ ಬಂದಿರುವುದಿಲ್ಲ. ಮುಕ್ಕಾಲು ದಾಟಿದರೆ ಲೇಖಕರೇ ಒಬ್ಬೊಬ್ಬರನ್ನಾಗಿ ಪಟ್ಟಿಯಿಂದ ತೆಗೆಯಲು ಶುರುಮಾಡಿರುತ್ತಾರೆ, ಆಗ ಊಹಿಸಲು ಉಳಿಯುವುದು ಕಡಿಮೆ. ಈಗ ಸುಮಾರು ಮುಕ್ಕಾಲು ಗಂಟೆ ತೆಗೆದಿಟ್ಟು ಮೂರು ಭಾಗಗಳನ್ನು ಮಾತ್ರ ಮತ್ತೆ ಓದಿ: ಮೊದಲ ಎರಡು ಮೂರು ಅಧ್ಯಾಯ, ಶವ ಸಿಗುವ ಅಧ್ಯಾಯ, ಮತ್ತು ಮಂತ್ರದ ಮಿತಿ ಬರುವ ಪ್ರತಿ ಪುಟ. ವಿಚಾರಣೆಯ ಅಧ್ಯಾಯಗಳನ್ನು ಓದುವ ಆತುರ ಬೇಡ. ಅಲ್ಲಿ ಎಲ್ಲರೂ ಎಚ್ಚರದಿಂದ ಮಾತನಾಡುತ್ತಾರೆ, ಲೇಖಕರೂ ಸೇರಿ. ಫ್ಯಾಂಟಸಿಯಲ್ಲಿ ಮುಖ್ಯ ಸುಳಿವು ಹೆಚ್ಚಾಗಿ ಅಡಗಿರುವುದು ಕೊಲೆಗೂ ಮುಂಚೆ, ಆ ಲೋಕವನ್ನು ಪರಿಚಯಿಸುವ ಪುಟಗಳಲ್ಲಿ. ಹೊಸ ಲೋಕದ ಬೆರಗಿನಲ್ಲಿ ಓದುಗರು ಅದನ್ನು ಅಲಂಕಾರ ಎಂದುಕೊಂಡು ದಾಟಿಬಿಡುತ್ತಾರೆ. ಊರಿನ ವರ್ಣನೆ, ಹಬ್ಬದ ವಿಧಿ, ಶಿಷ್ಯನಿಗೆ ಗುರು ಹೇಳುವ ಪಾಠ, ಇವೆಲ್ಲ ಸುಳಿವಿಗೆ ಒಳ್ಳೆಯ ಅಡಗುತಾಣಗಳು.

ಓದುತ್ತಾ ಒಂದು ಹಾಳೆಯಲ್ಲಿ ಹತ್ತು ಹನ್ನೆರಡು ಸಂಗತಿಗಳನ್ನು ಬರೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದರ ಮುಂದೆ ಪುಟ ಸಂಖ್ಯೆ, ಮತ್ತು ಅದನ್ನು ಹೇಳಿದವರು ಯಾರು ಎಂಬುದು. ಈ ಎರಡನೆಯದನ್ನೇ ಓದುಗರು ಬರೆದಿಡುವುದಿಲ್ಲ, ಹೆಚ್ಚಿನ ಊಹೆಗಳು ಹಳಿ ತಪ್ಪುವುದೂ ಇಲ್ಲೇ. ಕಥೆ ಹೇಳುವ ಲೇಖಕರ ದನಿ ನೇರವಾಗಿ ಹೇಳಿದ್ದು ಒಂದು ಬಗೆ, ಪಾತ್ರವೊಂದು ಕಣ್ಣಾರೆ ಕಂಡದ್ದು ಇನ್ನೊಂದು ಬಗೆ, ಪಾತ್ರದ ಬಾಯಿಮಾತು ಮೂರನೆಯ ಬಗೆ. ಕಥೆಯನ್ನು ‘ನಾನು’ ಎಂದು ಹೇಳುವ ಪಾತ್ರವಿದ್ದರೆ ಮೊದಲ ಬಗೆ ಇರುವುದೇ ಇಲ್ಲ, ಎಲ್ಲವೂ ಎರಡನೆಯದು ಅಥವಾ ಮೂರನೆಯದು.

ನಿಮ್ಮ ಪತ್ರವನ್ನೇ ಹೀಗೆ ಜರಡಿ ಹಿಡಿದು ನೋಡಿ. “ಸಾವು ಮಧ್ಯರಾತ್ರಿ ಆಗಿದೆ” ಎಂದು ನೀವು ಸಂಗತಿಯಂತೆ ಬರೆದಿದ್ದೀರಿ. ಹಾಗೆಂದು ಹೇಳಿದವರು ಯಾರು? ಮಠದಲ್ಲಿ ಶವ ಪರೀಕ್ಷಿಸಬಲ್ಲವರು ಒಬ್ಬರೇ ಎಂದಾದರೆ, ಅದು ವೈದ್ಯೆಯ ಬಾಯಿಮಾತು. ಐವರು ಶಂಕಿತರು ಎಲ್ಲಿದ್ದರು ಎಂಬ ಲೆಕ್ಕವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ. ಸಾವಿನ ಹೊತ್ತನ್ನು ಯಾರು ಹೇಳಿದರು ಎಂಬುದು ಯಾವುದೇ ಕೊಲೆ ಕಥೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಮಂತ್ರ ಇರಲಿ, ಇಲ್ಲದಿರಲಿ.

ಮುದ್ರೆ ಏನು ಹೇಳುತ್ತದೆ

ಈಗ 38ನೇ ಪುಟ. ಮುದ್ರೆ ಹಾಕಿದವರು ಸತ್ತರೆ ಮುದ್ರೆ ಕರಗುತ್ತದೆ. ಬೆಳಿಗ್ಗೆ ಆರಕ್ಕೆ ಮುದ್ರೆಯನ್ನು ಒಡೆಯಬೇಕಾಯಿತು. ಅಂದರೆ ಆ ಕ್ಷಣದಲ್ಲಿ ಮುದ್ರೆ ಜೀವಂತವಾಗಿತ್ತು. ಅದನ್ನು ಹಾಕಿದವರೂ ಜೀವಂತವಾಗಿದ್ದರು. ಇಷ್ಟನ್ನು ಒಪ್ಪಿಕೊಂಡರೆ ಮುಂದೆ ನಾಲ್ಕೇ ದಾರಿ ಉಳಿಯುತ್ತವೆ.

ಒಂದು, ಮುದ್ರೆ ಗುರುವಿನದಲ್ಲ. ಕೊಂದ ಮೇಲೆ ಬೇರೆ ಯಾರೋ ಹೊರಗಿನಿಂದ ಹಾಕಿದರು. ಎರಡು, ಮುದ್ರೆ ಗುರುವಿನದೇ, ಬಾಗಿಲು ಒಡೆದಾಗ ಗುರು ಇನ್ನೂ ಸತ್ತಿರಲಿಲ್ಲ. ಮೂರು, ಸತ್ತಿರುವುದು ಗುರುವೇ ಅಲ್ಲ. ನಾಲ್ಕು, 38ನೇ ಪುಟದ ನಿಯಮವೇ ತಪ್ಪು, ಅದನ್ನು ಹೇಳಿದ ಪಾತ್ರಕ್ಕೆ ಪೂರ್ತಿ ಗೊತ್ತಿರಲಿಲ್ಲ.

ನಾಲ್ಕನೆಯದನ್ನು ಈಗಲೇ ಪರೀಕ್ಷಿಸಬಹುದು. ಮುದ್ರೆ ಕರಗಿದ್ದನ್ನು ಪುಸ್ತಕ ತೋರಿಸಿದೆಯೇ, ಬರೀ ಹೇಳಿದೆಯೇ? ತೋರಿಸಿದ್ದರೆ ನಿಯಮ ಗಟ್ಟಿ. ಮೂರನೆಯದಕ್ಕೆ ರೂಪ ಬದಲಿಸುವ ಮಂತ್ರ ಬೇಕು. ಅರ್ಧ ಪುಸ್ತಕದೊಳಗೆ ಅದರ ಪ್ರಸ್ತಾಪವೇ ಇಲ್ಲದಿದ್ದರೆ ಬಿಟ್ಟುಬಿಡಿ. ಇಷ್ಟು ದೊಡ್ಡ ತಿರುವನ್ನು ಪ್ರಾಮಾಣಿಕ ಲೇಖಕರು ಮುನ್ಸೂಚನೆ ಕೊಡದೆ ತರುವುದಿಲ್ಲ.

ಮೊದಲನೆಯದು ಎಲ್ಲರಿಗೂ ಮೊದಲು ಹೊಳೆಯುವ ಉತ್ತರ. ಅದಕ್ಕೊಂದು ತೊಡಕಿದೆ. ಮುದ್ರೆ ಹಾಕುವ ಅಗತ್ಯ ಕೊಂದವರಿಗೆ ಏನಿತ್ತು? ಹಾಕದೆ ಹೋಗಿದ್ದರೆ ಮಂತ್ರ ಬಾರದ ರಾಜದೂತೆಯೂ ಶಂಕಿತಳಾಗಿ ಉಳಿಯುತ್ತಿದ್ದಳು, ಕೊಂದವರಿಗೆ ಅದು ಅನುಕೂಲವೇ. ಮುದ್ರೆ ಹಾಕಿದರೆ ಶಂಕಿತರ ಗುಂಪು ಮಾಂತ್ರಿಕರಿಗಷ್ಟೇ ಕಿರಿದಾಗುತ್ತದೆ. ಶವ ಸಿಗುವುದನ್ನು ತಡಮಾಡಲು ಹಾಕಿದ್ದಾರೆ ಎನ್ನಬಹುದು. ಆಗ ಆ ತಡದಿಂದ ಯಾರಿಗೆ ಲಾಭವಾಯಿತು ಎಂದು ಹುಡುಕಬೇಕು.

ಎರಡನೆಯ ದಾರಿಗೆ ಈ ತೊಡಕಿಲ್ಲ. ರಾತ್ರಿ ಮಲಗುವಾಗ ಗುರು ತಾನೇ ಮುದ್ರೆ ಹಾಕಿಕೊಂಡ, ಎಂದಿನಂತೆ. ಬೆಳಿಗ್ಗೆ ಏಳಲಿಲ್ಲ, ಕರೆದರೂ ಓಗೊಡಲಿಲ್ಲ. ಬಾಗಿಲು ಒಡೆದು ಮೊದಲು ಅವನ ಮೇಲೆ ಬಾಗಿದವರು ಕೈಯಲ್ಲಿದ್ದ ಸೂಜಿ ಚುಚ್ಚಿ, “ಹೋಗಿಬಿಟ್ಟಿದ್ದಾರೆ, ಮಧ್ಯರಾತ್ರಿಯೇ ಆಗಿರಬೇಕು” ಎಂದರು. ಮುಚ್ಚಿದ ಕೋಣೆಯ ಕಥೆಗಳಲ್ಲಿ ಇದು ಹಳೆಯ, ಪರಿಚಿತ ತಂತ್ರ: ಬಾಗಿಲು ತೆರೆದ ಮೇಲೆ ಕೊಲ್ಲುವುದು. ಇಲ್ಲಿ ಹೊಸದೇನೆಂದರೆ, ಮಂತ್ರದ ನಿಯಮವೇ ಆ ತಂತ್ರವನ್ನು ಬಯಲು ಮಾಡುತ್ತಿದೆ.

ಇದು ಹೌದೋ ಅಲ್ಲವೋ ತಿಳಿಯಲು ಶವ ಸಿಗುವ ಅಧ್ಯಾಯದಲ್ಲಿ ಮೂರು ವಿಷಯ ನೋಡಿ. ಒಳಗೆ ಮೊದಲು ಹೋದವರು ಯಾರು? ಶಿಷ್ಯನನ್ನು “ಹೋಗಿ ಎಲ್ಲರನ್ನೂ ಕರೆದು ಬಾ” ಎಂದು ಹೊರಗೆ ಕಳಿಸಿದವರು ಯಾರು, ಅದು ಶವವನ್ನು ಮುಟ್ಟುವ ಮುಂಚೆಯೋ ಆಮೇಲೋ? ಹಿಂದಿನ ರಾತ್ರಿ ಗುರು ಏನಾದರೂ ಕುಡಿದನೇ, ಕೊಟ್ಟವರು ಯಾರು? ಮಾತಿಗೆ ಏಳದಷ್ಟು ಗಾಢ ನಿದ್ರೆ ತಾನಾಗಿ ಬರುವುದಿಲ್ಲ.

ನೋಡಬೇಕಾದ ನಾಲ್ಕನೆಯ ವಿಷಯವೊಂದಿದೆ, ಅದು ನಮ್ಮ ಲೋಕದ್ದೇ. ಸತ್ತ ದೇಹ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಯೊಳಗೆ ಬಿಗಿಯಲು ಶುರುವಾಗುತ್ತದೆ. ರೆಪ್ಪೆ, ದವಡೆ, ಕುತ್ತಿಗೆಯಲ್ಲಿ ಮೊದಲು ಗೊತ್ತಾಗುತ್ತದೆ. ಸುಮಾರು ಹನ್ನೆರಡು ಗಂಟೆಗೆ ಇಡೀ ದೇಹ ಸೆಟೆದಿರುತ್ತದೆ. ಮಧ್ಯರಾತ್ರಿ ಸತ್ತವನ ಕಣ್ಣು ಬೆಳಿಗ್ಗೆ ಆರಕ್ಕೆ ಹಗುರವಾಗಿ ಮುಚ್ಚಿತು, ಕೈ ಸಲೀಸಾಗಿ ಮಡಿಯಿತು ಎಂದರೆ ಅನುಮಾನಿಸಬೇಕು. ಚಳಿಯಲ್ಲಿ ಬಿಗಿತ ನಿಧಾನವಾಗುತ್ತದೆ, ಮಠ ಬೆಟ್ಟದ ಮೇಲಿದೆ. ಹಾಗಾಗಿ ಇದೊಂದನ್ನೇ ಸಾಕ್ಷಿ ಎನ್ನಬೇಡಿ. ಕೋಣೆಯಲ್ಲಿ ಬೆಂಕಿ ಉರಿಯುತ್ತಿತ್ತೇ ಎಂಬುದನ್ನೂ ನೋಡಿಕೊಳ್ಳಿ.

ಬೆರಳು

ನಿಮ್ಮ ಪತ್ರದ ಅತ್ಯಂತ ಬೆಲೆಬಾಳುವ ವಾಕ್ಯ ಮಣಿಸರದ ಗಂಟಿನದು.

ಮಂತ್ರ ಪ್ರಯೋಗಿಸಿದ ಮೇಲೆ ಒಂದು ಜಾವ ಬೆರಳ ತುದಿ ಮರಗಟ್ಟಿರುತ್ತದೆ. ಒಂದು ಜಾವವೆಂದರೆ ಮೂರು ಗಂಟೆ. ವೈದ್ಯೆ ನಿದ್ರಾಮಂತ್ರವನ್ನು ಬೆಳಗಿನವರೆಗೆ ಹಿಡಿದಿದ್ದಳು ಎಂಬುದು ನಿಜವಾದರೆ ಆರು ಗಂಟೆಗೆ ಅವಳ ಬೆರಳು ಮರಗಟ್ಟಿರಲೇಬೇಕು. ಮರಗಟ್ಟಿದ ಬೆರಳಲ್ಲಿ ಸಣ್ಣ ಗಂಟು ಬಿಡಿಸಲಾಗದು. ಅವಳು ಬಿಡಿಸಿದಳು. ಹಾಗಾದರೆ ಬೆಳಗಿನ ಮೂರು ಗಂಟೆಯಿಂದ ಆಚೆಗೆ ಅವಳು ಯಾವ ಮಂತ್ರವನ್ನೂ ಹಿಡಿದಿರಲಿಲ್ಲ. ಮಗುವಿನ ಪಕ್ಕ ಕೂತಿದ್ದೆ ಎಂಬ ಮಾತಿನ ಅರ್ಧ ಸುಳ್ಳು. ಅದಕ್ಕೆ ಇರುವ ಒಂದೇ ಸಾಕ್ಷಿ ಮಲಗಿದ್ದ ಮಗು, ಮಲಗಿದ್ದವರು ಸಾಕ್ಷಿಯಾಗುವುದಿಲ್ಲ.

ಸೂಜಿಯಿಂದ ಕೊಲ್ಲಲೂ ಚುರುಕು ಬೆರಳು ಬೇಕು ಎಂಬುದನ್ನು ಇದರ ಪಕ್ಕದಲ್ಲಿಡಿ. ಕೊಂದವರು ಆ ಹೊತ್ತಿಗೆ ಮಂತ್ರ ಹಾಕಿ ಮೂರು ಗಂಟೆಯಾದರೂ ಆಗಿರಬೇಕು, ಇಲ್ಲವೇ ಅವರಿಗೆ ಮಂತ್ರವೇ ಬಾರದಿರಬೇಕು. ಇಲ್ಲಿ ರಾಜದೂತೆ ಮತ್ತೆ ಪಟ್ಟಿಗೆ ಬರುತ್ತಾಳೆ, ಗಮನಿಸಿ. ಜೊತೆಗೆ ಒಂದು ಆಕ್ಷೇಪವನ್ನೂ ಪರಿಶೀಲಿಸಬೇಕು: ಬಾಗಿಲ ಮುದ್ರೆ ಒಡೆಯಲು ಮಂತ್ರ ಬೇಕೇ? ಬೇಕಾದರೆ, ಒಡೆದವರ ಬೆರಳು ಆಗಷ್ಟೇ ಮರಗಟ್ಟಿರಬೇಕು. ಇಬ್ಬರೂ ಸೇರಿ ಒಡೆದರು ಎಂದಿದ್ದೀರಿ. ನಿಜವಾಗಿ ಮಂತ್ರ ಹೇಳಿದವನು ಶಿಷ್ಯನೊಬ್ಬನೇ, ವೈದ್ಯೆ ಪಕ್ಕದಲ್ಲಿ ನಿಂತಿದ್ದಳೇ? ಆ ಸಾಲನ್ನು ಅಕ್ಷರಶಃ ಓದಿ. ಇಂಥ ಕಡೆ ಒಂದು ಕ್ರಿಯಾಪದದ ಮೇಲೆ ಇಡೀ ಕಾದಂಬರಿ ನಿಂತಿರುತ್ತದೆ. ವೈದ್ಯೆಯೇ ಮಂತ್ರ ಹೇಳಿ ಒಡೆದು, ಮರುನಿಮಿಷ ಗಂಟನ್ನೂ ಬಿಡಿಸಿದ್ದರೆ, ಒಂದೋ ಲೇಖಕರು ನಿಯಮ ಮರೆತಿದ್ದಾರೆ, ಇಲ್ಲವೇ ಈ ವೈದ್ಯೆಗೆ ಮರಗಟ್ಟುವಿಕೆ ತಟ್ಟದಂತೆ ಮಾಡುವ ಏನೋ ಗೊತ್ತಿದೆ. ಎರಡನೆಯದಾದರೆ ಅದೇ ದೊಡ್ಡ ಸುಳಿವು.

ನೋಡಿ, ಗಂಟು ಬಿಡಿಸಿದ ಸಾಲು ನಿಮ್ಮ ಮನಸ್ಸಿಗೆ ತಟ್ಟಿತ್ತು. ಅದು ಮುಖ್ಯ ಎಂದು ಮನಸ್ಸಿಗೆ ಗೊತ್ತಾಗಿತ್ತು, ಏಕೆ ಮುಖ್ಯ ಎಂಬುದನ್ನು ಮಾತ್ರ ತಪ್ಪಾಗಿ ಬರೆದುಕೊಂಡಿರಿ. “ಅತಿ ಒಳ್ಳೆಯವರೇ ಕೊಲೆಗಾರರು” ಎಂಬುದು ಲೇಖಕರ ಚಾಳಿಯ ಮೇಲಿನ ಊಹೆ, ಕಥೆಯೊಳಗಿನ ಸಾಕ್ಷಿಯಲ್ಲ. ಓದುಗರಿಗೆ ಈ ಚಾಳಿ ಗೊತ್ತಿದೆ ಎಂದು ಲೇಖಕರಿಗೂ ಗೊತ್ತು. ಹಾಗಾಗಿ ಅನುಮಾನ ಬರಲೆಂದೇ ಒಬ್ಬ ಅತಿ ಒಳ್ಳೆಯವರನ್ನು ಇಡುವುದೂ ಉಂಟು. ಚಾಳಿಯಿಂದ ಹೊರಟರೆ ಎರಡೂ ದಿಕ್ಕಿಗೆ ವಾದಿಸಬಹುದು, ತೀರ್ಮಾನಕ್ಕೆ ಬರಲಾಗದು.

ಖಜಾಂಚಿಯ ಲೇಖನಿಗೂ ಇದೇ ಲೆಕ್ಕ ಹಾಕಿ. ಬೆಳಿಗ್ಗೆ ಅವನ ಬೆರಳು ಮರಗಟ್ಟಿದ್ದರೆ, ಅವನು ಮಂತ್ರ ಹಾಕಿದ್ದು ಅದಕ್ಕೂ ಹಿಂದಿನ ಮೂರು ಗಂಟೆಯೊಳಗೆ. ಲೆಕ್ಕ ಬರೆಯುತ್ತಿದ್ದದ್ದು ಏಳು ಗಂಟೆಗೆ ಎಂದಾದರೆ ಮಂತ್ರದ ಹೊತ್ತು ನಾಲ್ಕರ ಆಚೆ. ಮಧ್ಯರಾತ್ರಿಯ ಕೊಲೆಗೆ ಅದು ಸಂಬಂಧವೇ ಇಲ್ಲ. ಲೇಖನಿ ಬಿದ್ದದ್ದು ಎಲ್ಲರೆದುರು, ಸದ್ದು ಮಾಡಿ. ಓದುಗರು ನೋಡಲಿ ಎಂದೇ ಇಟ್ಟ ಸುಳಿವು ಅದು. ಗಂಟು ಬಿಡಿಸಿದ್ದು ಯಾರೂ ನೋಡದಿರಲಿ ಎಂದು ಇಟ್ಟದ್ದು. ಎರಡೂ ಒಂದೇ ನಿಯಮದ ಎರಡು ಮುಖ. ದಾರಿ ತಪ್ಪಿಸುವ ಸುಳಿವನ್ನು ನಿಪುಣ ಲೇಖಕರು ಹೀಗೇ ಹೊಸೆಯುತ್ತಾರೆ: ಬೆರಳು ಮರಗಟ್ಟಿದವನನ್ನು ಮುಂದೆ ನಿಲ್ಲಿಸಿ, ಮರಗಟ್ಟಬೇಕಿದ್ದರೂ ಮರಗಟ್ಟದವಳನ್ನು ಹಿಂದೆ ಬಚ್ಚಿಡುತ್ತಾರೆ. ಖಜಾಂಚಿ ಆ ಹೊತ್ತಿನಲ್ಲಿ ಏನೋ ಮಾಡಿದ್ದಾನೆ, ಅದನ್ನು ಮುಚ್ಚಿಡುತ್ತಿದ್ದಾನೆ, ಅದು ಬೇರೆ ತಪ್ಪು. ಅದು ಕಳ್ಳತನ ಇರಬಹುದು. ಇಂಥ ಪಾತ್ರದ ಗುಟ್ಟು ಸಾಮಾನ್ಯವಾಗಿ ಪುಸ್ತಕದ ಮುಕ್ಕಾಲು ಭಾಗದ ಹತ್ತಿರ ಹೊರಬಂದು, ಅವನು ಪಟ್ಟಿಯಿಂದ ಹೊರಗೆ ಹೋಗುತ್ತಾನೆ.

ಉದ್ದೇಶವನ್ನು ಹುಡುಕುವಾಗ ನಮ್ಮ ಲೋಕದ ಅಭ್ಯಾಸ ಅಡ್ಡ ಬರುತ್ತದೆ. ಆಸ್ತಿ, ಹೊಟ್ಟೆಕಿಚ್ಚು, ಸೇಡು ಎಂದು ಪಟ್ಟಿ ಮಾಡುತ್ತೇವೆ. ಗುರುವಿನ ತಮ್ಮ ಆ ಪಟ್ಟಿಗೆ ಸರಿಯಾಗಿ ಹೊಂದುತ್ತಾನೆ. ಫ್ಯಾಂಟಸಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಈ ಸಾವಿನಿಂದ ಯಾವ ಮಂತ್ರ ಮುಗಿಯಿತು? ಆಣೆ, ಶಾಪ, ಬಂಧನ, ಕಾವಲು, ಇವೆಲ್ಲ ಹಾಕಿದವರ ಉಸಿರಿಗೆ ಕಟ್ಟಿಕೊಂಡಿರುವ ಲೋಕದಲ್ಲಿ ಒಬ್ಬರ ಸಾವು ಎಷ್ಟೋ ಬೀಗಗಳಿಗೆ ಕೀಲಿಕೈ. ನಿಮ್ಮ ಪುಸ್ತಕದ 38ನೇ ಪುಟ ಇದನ್ನೇ ಹೇಳುತ್ತಿದೆ. ಗುರು ಸತ್ತರೆ ಗುರು ಹಾಕಿದ ಮುದ್ರೆಗಳೆಲ್ಲ ಕರಗುತ್ತವೆ. ಅವನು ಮಠದಲ್ಲಿ ಇನ್ನೆಲ್ಲೆಲ್ಲಿ ಮುದ್ರೆ ಹಾಕಿದ್ದ? ಗ್ರಂಥಭಂಡಾರದ ಒಂದು ಕಪಾಟು, ನೆಲಮಾಳಿಗೆಯ ಒಂದು ಬಾಗಿಲು, ಯಾರದೋ ನಾಲಿಗೆ? 1ರಿಂದ 209ರವರೆಗೆ ಅಂಥದ್ದೊಂದು ಸಿಕ್ಕರೆ ಉದ್ದೇಶ ಸಿಕ್ಕಿತು.

ಅದರಿಂದ ಇನ್ನೂ ಒಂದು ಲಾಭವಿದೆ. ಆ ಇನ್ನೊಂದು ಮುದ್ರೆ ಸಾವಿನ ಗಡಿಯಾರವಾಗುತ್ತದೆ. ರಾತ್ರಿ ಎರಡು ಗಂಟೆಗೋ ನಾಲ್ಕಕ್ಕೋ ಯಾರಾದರೂ ಆ ಬಾಗಿಲ ಮುಂದೆ ಹಾದು, ಅದು ಮುಚ್ಚಿಯೇ ಇತ್ತು ಎಂದು ಬೇರೆ ಯಾವುದೋ ಮಾತಿನ ನಡುವೆ ಹೇಳಿದ್ದರೆ, ಗುರು ಆಗ ಬದುಕಿದ್ದ. ಮಧ್ಯರಾತ್ರಿಯ ಕಥೆ ಅಲ್ಲಿಗೆ ಮುಗಿಯಿತು. ಖಜಾಂಚಿ ನಾಲ್ಕರ ಮೇಲೆ ಮಂತ್ರ ಹಾಕಿದ್ದು ಅಂಥ ಒಂದು ಬಾಗಿಲನ್ನು ತೆರೆಯಲು ಹೋಗಿ, ಆಗದೆ ಹಿಂದಿರುಗಿದ್ದಾದರೆ? ಆಗ ತನಗೇ ಗೊತ್ತಿಲ್ಲದೆ ವೈದ್ಯೆಯ ವಿರುದ್ಧ ಮುಖ್ಯ ಸಾಕ್ಷಿ ಅವನೇ. ಇದು ಬರೀ ನನ್ನ ಊಹೆ, ಆದರೆ ಹುಡುಕಲು ಯೋಗ್ಯವಾದ ಊಹೆ.

ಪುಸ್ತಕ ಕೇಳದೇ ಬಿಟ್ಟ ಪ್ರಶ್ನೆಗಳನ್ನೂ ಬರೆದುಕೊಳ್ಳಿ. ಸತ್ತವರ ಜೊತೆ ಮಾತನಾಡುವ ಮಂತ್ರ ಆ ಲೋಕದಲ್ಲಿದ್ದರೆ, ಗುರುವನ್ನೇ ಏಕೆ ಕೇಳಲಿಲ್ಲ? ಪುಸ್ತಕ ಕೊಡುವ ಉತ್ತರ ಸುಳಿವಾಗಿರುತ್ತದೆ. ನಿದ್ರೆಯಲ್ಲಿ ಸತ್ತವರಿಗೆ ಕೊಂದವರು ಗೊತ್ತಿರುವುದಿಲ್ಲ ಎಂದಿದ್ದರೆ, ಕೊಂದವರು ಬೇಕೆಂದೇ ನಿದ್ರೆಯಲ್ಲಿ ಕೊಂದಿದ್ದಾರೆ. ಸತ್ಯ ಹೇಳಿಸುವ ಮಂತ್ರ ಇದ್ದರೆ ವಿಚಾರಣೆಯ ಉತ್ತರಗಳನ್ನು ಪದಪದವಾಗಿ ಓದಬೇಕು. “ಮಧ್ಯರಾತ್ರಿ ನಾನು ಮಗುವಿನ ಪಕ್ಕ ಇದ್ದೆ” ಎಂಬುದು ಪೂರ್ತಿ ನಿಜವಾಗಿರಬಹುದು, ಪ್ರಶ್ನೆಯೇ ತಪ್ಪಾಗಿದ್ದರೆ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಅನುಕೂಲವಿದೆ, ಬರೆಯುವವರಿಗೆ ಅದೇ ಕಷ್ಟ. ನಮ್ಮ ಕ್ರಿಯಾಪದದ ತುದಿಯಲ್ಲೇ ಗಂಡೋ ಹೆಣ್ಣೋ ಗೊತ್ತಾಗುತ್ತದೆ: ಬಂದ, ಬಂದಳು. ಕತ್ತಲಲ್ಲಿ ನಡೆದವರ ಗುರುತು ಮುಚ್ಚಿಡಬೇಕಾದ ಲೇಖಕರು ಅಥವಾ ಅನುವಾದಕರು “ಬಂದರು” ಎಂಬ ಗೌರವದ ರೂಪವನ್ನೋ, “ಆಕೃತಿಯೊಂದು ಸರಿದುಹೋಯಿತು” ಎಂಬ ನಪುಂಸಕ ರೂಪವನ್ನೋ, “ಯಾರೋ ಓಡಿದ ಸದ್ದು” ಎಂಬ ಕ್ರಿಯೆಯಿಲ್ಲದ ವಾಕ್ಯವನ್ನೋ ಹಿಡಿಯಬೇಕಾಗುತ್ತದೆ. ಉಳಿದೆಡೆ ಸಲೀಸಾಗಿ ಓಡುವ ಭಾಷೆ ಒಂದು ಪುಟದಲ್ಲಿ ಮಾತ್ರ ಹೀಗೆ ಬಳಸಿಕೊಂಡು ಹೋದರೆ ನಿಲ್ಲಿ. ಅಲ್ಲಿ ಮುಚ್ಚಿಟ್ಟಿರುವುದು ನೀವು ಅಂದುಕೊಂಡವರಿಗಿಂತ ಬೇರೆ ಲಿಂಗದವರು ಎಂಬ ಸಾಧ್ಯತೆ ಹೆಚ್ಚು. ಅವನು ಗಂಡಸೇ ಎಂದು ಓದುಗರು ನಂಬಿರುವಾಗಲೇ ಆ ಜಾಗ್ರತೆ ಬೇಕಾಗುವುದು. ಅನುವಾದವಾದರೆ ತೂಕ ಸ್ವಲ್ಪ ಕಡಿಮೆ ಮಾಡಿ, ಮೂಲದಲ್ಲಿ ಲಿಂಗ ಹೇಳದೇ ಇದ್ದದ್ದಕ್ಕೆ ಅನುವಾದಕರು ಹಾಗೆ ಬರೆದಿರಬಹುದು.

ಈಗ ಹೆಸರಿಗೆ ಅಂಕ ಕೊಡಿ

ಒಂದೇ ಹೆಸರು ಬರೆದು ಮುಂದೆ ಓದಿದರೆ, ಅಲ್ಲಿಂದ ಪ್ರತಿ ಸಾಲೂ ಆ ಹೆಸರಿಗೇ ಹೊಂದುವಂತೆ ಕಾಣತೊಡಗುತ್ತದೆ. ಅದಕ್ಕೆ ತಡೆ: ನೂರು ಅಂಕಗಳನ್ನು ಎಲ್ಲರಿಗೂ ಹಂಚಿ, ಪಟ್ಟಿಯಲ್ಲೇ ಇಲ್ಲದವರಿಗೂ ಹತ್ತು ಉಳಿಸಿ. ಈವರೆಗೆ ನೀವು ಹೇಳಿದ್ದನ್ನಷ್ಟೇ ನೋಡಿ ಹಂಚುವುದಾದರೆ ವೈದ್ಯೆಗೆ 50, ಶಿಷ್ಯನಿಗೆ 15, ತಮ್ಮನಿಗೆ 10, ಖಜಾಂಚಿಗೆ 8, ರಾಜದೂತೆಗೆ 7, ಹೊರಗಿನವರಿಗೆ 10. ಶಿಷ್ಯನಿಗೆ ತಮ್ಮನಿಗಿಂತ ಹೆಚ್ಚು ಕೊಟ್ಟದ್ದಕ್ಕೆ ಕಾರಣವಿದೆ: ಬಾಗಿಲು ಒಡೆದ ಮೇಲೆ ಕೊಂದಿರುವ ದಾರಿಯಲ್ಲಿ ಕೋಣೆಯೊಳಗಿದ್ದವರು ಇಬ್ಬರೇ. ಅವನ ಬೆರಳು ಮರಗಟ್ಟಿದ್ದು ಖಚಿತವಾದರೆ ಆ 15ರಲ್ಲಿ 10ನ್ನು ವೈದ್ಯೆಗೆ ವರ್ಗಾಯಿಸಿ.

ಅಂಕದ ಕೆಳಗೆ ಮೂರು ಭವಿಷ್ಯವಾಣಿ ಬರೆಯಿರಿ, ಪ್ರತಿಯೊಂದೂ ಸುಳ್ಳಾಗಬಲ್ಲದ್ದಾಗಿರಬೇಕು. “ವೈದ್ಯೆ ಇನ್ನೂ ಅನುಮಾನಾಸ್ಪದವಾಗಿ ವರ್ತಿಸುತ್ತಾಳೆ” ಎಂಬುದು ಪ್ರಯೋಜನವಿಲ್ಲ, ಅದು ಯಾವಾಗಲೂ ನಿಜವೆನಿಸುತ್ತದೆ. ಹೀಗೆ ಬರೆಯಿರಿ: ಗುರು ಬೇರೆಡೆ ಹಾಕಿದ್ದ ಒಂದು ಮುದ್ರೆ ಕರಗಿದ್ದು 300ನೇ ಪುಟದೊಳಗೆ ಬೆಳಕಿಗೆ ಬರುತ್ತದೆ. ಖಜಾಂಚಿಯ ಗುಟ್ಟು ಕೊಲೆಯಲ್ಲ, ಬೇರೆ ಎಂದು ಹೊರಬೀಳುತ್ತದೆ. ರಾತ್ರಿಯಲ್ಲಿ ಒಮ್ಮೆ ಎದ್ದಿದ್ದಾಗ ಅಜ್ಜಿ ಪಕ್ಕದಲ್ಲಿರಲಿಲ್ಲ ಎಂದು ಮಗುವೋ ಮಗುವಿನ ತಾಯಿಯೋ ಹೇಳುತ್ತಾರೆ. ಚೀಟಿಯನ್ನು ಪುಸ್ತಕದ ಕೊನೆಯ ರಟ್ಟಿಗೆ ಸಿಕ್ಕಿಸಿ, ಮುಂದೆ ಓದಿ. ಹಾಗೆ ಸಿಕ್ಕಿಸುವಾಗ ಕೊನೆಯ ಪುಟಗಳಿಗೆ ಕಣ್ಣು ಹಾಕಬೇಡಿ. ಪದಕೋಶ, ವಂಶವೃಕ್ಷ ಇದ್ದರೆ ಅವೂ ಗುಟ್ಟು ಬಿಟ್ಟುಕೊಡುತ್ತವೆ. ಮೊದಲ ಪುಟದ ನಕ್ಷೆಯನ್ನು ಮಾತ್ರ ಧೈರ್ಯವಾಗಿ ನೋಡಿ: ಹೆಸರು ಬರೆದಿದ್ದರೂ ಕಥೆ ಇನ್ನೂ ಕಾಲಿಡದ ಕೋಣೆ ಯಾವುದೆಂದು ಗುರುತು ಹಾಕಿಕೊಳ್ಳಿ.

ಮುಂದಿನ ಅರ್ಧದಲ್ಲಿ ಎರಡನೇ ಸಾವು ಬರುವ ಸಂಭವ ಬಹಳ. ಬಂದಾಗ ಅಂಕಗಳನ್ನು ಒಮ್ಮೆ ಮಾತ್ರ ತಿದ್ದಿ, ಹಳೆಯ ಅಂಕವನ್ನು ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯಿರಿ. ಎರಡನೆಯ ಸಾವನ್ನು ಹೆಚ್ಚಾಗಿ ಅವಸರದಲ್ಲಿ ಮಾಡಿರುತ್ತಾರೆ, ಮೊದಲನೆಯದಕ್ಕಿಂತ ಅಲ್ಲಿ ತಪ್ಪುಗಳು ಜಾಸ್ತಿ. ಸತ್ತವರು ಹಿಂದಿನ ಅಧ್ಯಾಯದಲ್ಲಿ ಏನು ನೋಡಿದ್ದರು ಎಂದು ಹಿಂದೆ ತಿರುಗಿಸಿ ಓದಿ. ವೈದ್ಯೆಯೇ ಸತ್ತರೆ ನಮ್ಮ ಲೆಕ್ಕ ಬಿದ್ದಿತು ಎಂದಲ್ಲ. ಆಗ ಕೇಳಬೇಕಾದ್ದು, ಅವಳು ಮಧ್ಯರಾತ್ರಿ ಎಂದು ಹೇಳಿದ್ದು ಯಾರಿಗಾಗಿ?

ಪುಸ್ತಕ ಮುಗಿದ ಮೇಲೆ ಚೀಟಿ ತೆಗೆದಾಗ ಹೆಸರಿಗಿಂತ ಮುಂಚೆ ಕಾರಣಗಳನ್ನು ಹೋಲಿಸಿ. ಹೆಸರು ಸರಿ, ಮುದ್ರೆ ಮತ್ತು ಬೆರಳಿನ ಲೆಕ್ಕ ತಪ್ಪು ಎಂದಾದರೆ ಅರ್ಧ ಅಂಕ. ಹೆಸರು ತಪ್ಪಾಗಿ, ಸಾವಿನ ಹೊತ್ತು ಸರಿಯಾಗಿ ಹಿಡಿದಿದ್ದರೂ ಅರ್ಧ ಅಂಕ. ಎರಡೂ ತಪ್ಪಾದರೆ 38 ಮತ್ತು 61ನೇ ಪುಟಗಳಿಗೆ ಹಿಂದಿರುಗಿ, ಅಲ್ಲಿ ಯಾವ ಪದವನ್ನು ದಾಟಿಕೊಂಡು ಹೋಗಿದ್ದಿರಿ ಎಂದು ನೋಡಿ. ಪುಸ್ತಕ ನ್ಯಾಯವಾಗಿ ಬರೆದದ್ದಾದರೆ ಆ ಪದ ಅಲ್ಲೇ ಇರುತ್ತದೆ.